ಪರಮ್ ಯಂತ್ರದ ಮೊದಲ ಲೆಕ್ಕಾಚಾರ

ಪುಣೆಯ ಗಣೇಶಖಿಂಡದಲ್ಲಿ ವಿಶ್ವವಿದ್ಯಾನಿಲಯದ ಆವರಣವನ್ನು ಹಾದುಹೋಗುವ ನಮ್ಮ ಕನ್ನಡ ಬಾಂಧವರಲ್ಲಿ ಅನೇಕರು ‘ಪರಮ್’ ಮಹಾಗಣಕದ ಹೆಸರನ್ನು ಕೇಳಿಯೇ ಇರುತ್ತಾರೆ. ಆ ಯಂತ್ರಕ್ಕಿಂತಲೂ, ಅದು ಇನ್ನೂ ಕಾಗದದ ಮೇಲಿದ್ದಾಗ ಅದರ ನಿರ್ಮಾಪಕರು ಮಾಡಿದ ಆಯ್ಕೆಯೇ ಹೆಚ್ಚು ವಿಚಾರಾರ್ಹವೆಂದು ನನ್ನ ಭಾವನೆ.

ಹವಾಮಾನದ ಮುನ್ಸೂಚನೆಗಾಗಿ ಭಾರತಕ್ಕೆ ಮಹಾಗಣಕವೊಂದು ಬೇಕಾಗಿತ್ತು. ನಾವು ಕೇಳಿದ ‘ಕ್ರೇ’ ಯಂತ್ರವನ್ನು ಅಮೆರಿಕ ಕೊಡಲಿಲ್ಲ. ಅದಕ್ಕಿಂತ ಕಡಿಮೆ ಶಕ್ತಿಯದನ್ನು ಮಾತ್ರ ಕೊಡಲು ಒಪ್ಪಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪನೆಗೊಂಡಿತು. ವಿಜಯ ಭಟ್ಕರ್ ಅವರ ನೇತೃತ್ವದ ತಂಡಕ್ಕೆ ದೊರೆತ ಅವಧಿ ಮೂರೇ ವರ್ಷ. ಗುರಿ, ಸೆಕೆಂಡಿಗೆ ನೂರು ಕೋಟಿ ಗಣನೆ.

ಅಷ್ಟರೊಳಗೆ ಸ್ವಂತ ಚಿಪ್ಪನ್ನೇ ರೂಪಿಸಹೊರಡುವುದು ಸಾಹಸವಲ್ಲ, ದುಸ್ಸಾಹಸವಾಗುತ್ತಿತ್ತು. ಆದುದರಿಂದ ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ‘ಟ್ರಾನ್ಸ್‌ಪ್ಯೂಟರ್’ ಎಂಬ ಸಿದ್ಧ ಪ್ರೊಸೆಸರನ್ನು ಆರಿಸಿಕೊಂಡರು. ನೆರೆಯ ಪ್ರೊಸೆಸರುಗಳೊಡನೆ ಸಂಪರ್ಕಕ್ಕಾಗಿ ನಾಲ್ಕು ಕೊಂಡಿಗಳು ಅದರಲ್ಲಿಯೇ ಅಡಕವಾಗಿದ್ದವು. ತಿಳಿದ ಭಾಗವನ್ನು ಕೊಂಡು, ಹಲವನ್ನು ಜೋಡಿಸುವ ವಿಧಾನ ಮತ್ತು ತಂತ್ರಾಂಶವೆಂಬ ತಿಳಿಯದ ಭಾಗಕ್ಕೆ ತಮ್ಮ ಶಕ್ತಿಯನ್ನು ಮೀಸಲಿಟ್ಟರು. 64 ಪ್ರೊಸೆಸರುಗಳ ಪರಮ್ 8000 ಯಂತ್ರವು 1991ರ ಜುಲೈನಲ್ಲಿ ಹೊರಬಂದಿತು.

ಆದರೆ ಬಳಸುವವನ ಮಾತೇನು? ಒಂದೇ ಪ್ರೊಸೆಸರಿಗಾಗಿ ಬರೆದ ಪ್ರೋಗ್ರಾಮು ಅರವತ್ತನಾಲ್ಕರ ಮೇಲೆ ತಾನಾಗಿ ಹಂಚಿಹೋಗುವುದಿಲ್ಲ. ಅದನ್ನು ಒಡೆದು ಮತ್ತೆ ಬರೆಯಬೇಕು. ಆಗಲೂ ಒಂದು ಇನ್ನೊಂದರ ಉತ್ತರಕ್ಕಾಗಿ ಕಾಯುತ್ತ ಕುಳಿತರೆ ವೇಗವೆಲ್ಲ ವ್ಯರ್ಥ. ಯಂತ್ರ ಕಟ್ಟುವವನ ಹೆಗಲಿನಿಂದ ಇಳಿದ ಅಪಾಯವು ಹೀಗೆ ವಿಜ್ಞಾನಿಯ ಹೆಗಲನ್ನೇರುತ್ತದೆ. ನಾಳೆಯ ಮಳೆಯನ್ನು ನಾಡಿದ್ದು ತಿಳಿಸುವ ಗಣಕದಿಂದ ಯಾರಿಗೆ ಪ್ರಯೋಜನ? ಗರಿಷ್ಠ ವೇಗಕ್ಕಿಂತ, ‘ಮುನ್ಸೂಚನೆ ಎಷ್ಟು ಗಂಟೆಯಲ್ಲಿ ಕೈಸೇರಬೇಕು’ ಎಂಬುದೇ ಇಂತಹ ಯಂತ್ರದ ಮೊದಲ ಅಳತೆಗೋಲಾಗಬೇಕು. ಮನೆ ಕಟ್ಟುವಾಗ ಅಡುಗೆಮನೆಯ ವಿಷಯವನ್ನು ಮೇಸ್ತ್ರಿಯೊಬ್ಬನನ್ನೇ ಕೇಳಿದವರಿಗೆ ಇದರ ಮರ್ಮ ತಿಳಿದೀತು!

ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಈ ತೊಡಕು ಅಷ್ಟಾಗಿರಲಿಲ್ಲ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಅಲ್ಲಿ ‘ಫ್ಲೋಸಾಲ್ವರ್’ ಎಂಬ ಪುಟ್ಟ ಸಮಾಂತರ ಗಣಕ ಸಿದ್ಧವಾಯಿತು. ದ್ರವ-ವಾಯುಗಳ ಚಲನೆಯನ್ನು ಲೆಕ್ಕಹಾಕಬೇಕಾಗಿದ್ದ ವಿಜ್ಞಾನಿಗಳೇ ಅದನ್ನು ಕಟ್ಟಿದ್ದರು. ಬೇಕಾದುದೇನೆಂಬುದು ಅವರ ಕಣ್ಣೆದುರಿಗೇ ಇತ್ತು.

ಒಂದೇ ಕಂಪನಿಯ ಚಿಪ್ಪನ್ನು ನಂಬುವುದರಲ್ಲಿಯೂ ಅಪಾಯವಿತ್ತು. ಇನ್‌ಮಾಸ್ ಕಂಪನಿಯ ಮುಂದಿನ ಟ್ರಾನ್ಸ್‌ಪ್ಯೂಟರ್ ಬಹಳ ತಡವಾಯಿತು. 1994ರ ಪರಮ್ 9000 ಯಂತ್ರವನ್ನು, ಪ್ರೊಸೆಸರನ್ನು ಬದಲಾಯಿಸಲು ಅವಕಾಶವಿರುವಂತೆಯೇ ಸಿ-ಡ್ಯಾಕ್ ರೂಪಿಸಿತು. 1998ರ ಪರಮ್ 10000ರಲ್ಲಿ ಕುಳಿತದ್ದು ಸನ್ ಕಂಪನಿಯ ಪ್ರೊಸೆಸರುಗಳು.