ರೂಮ್ ಬುಕ್ ಮಾಡೋ ಮೊದಲು ನದಿಯ ಯಾವ ದಡ ಅಂತ ನೋಡಿ

ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಗೋಕರ್ಣದಿಂದ ಕುಮಟಾವರೆಗೆ ಕಡಲ ಪಕ್ಕದಲ್ಲೇ ನಡೆಯೋಣ ಅಂತ ಹೊರಡುವವರು ನಮ್ಮ ಆಫೀಸಲ್ಲೇ ಬೇಕಾದಷ್ಟು ಜನ ಇದ್ದಾರೆ. ಶುಕ್ರವಾರ ಸಂಜೆ ಬೆಂಗಳೂರಲ್ಲಿ ರೈಲು ಹತ್ತಿದರೆ ಶನಿವಾರ ಬೆಳಗ್ಗೆ ಕಡಲು. ಎಲ್ಲರೂ ನನ್ನ ಹತ್ತಿರ ಕೇಳೋದು ಒಂದೇ: "ಎಲ್ಲಿ ಉಳ್ಕೊಳ್ಳೋದು? ಒಂದು ಲಿಂಕ್ ಕಳ್ಸೇ."

ಲಿಂಕ್ ಕಳಿಸಬಹುದು. ಆದರೆ ಅದಕ್ಕೂ ಮುಂಚೆ ನಾನು ಒಂದು ಪ್ರಶ್ನೆ ತಿರುಗಿ ಕೇಳ್ತೀನಿ. ಅಘನಾಶಿನಿಯ ಈಚೆ ದಡದಲ್ಲಿ ಇರ್ತೀರೋ, ಆಚೆ ದಡದಲ್ಲೋ?

ಉತ್ತರ ಕನ್ನಡದ ಕರಾವಳಿ ಒಂದೇ ಉದ್ದನೆಯ ಮರಳುಪಟ್ಟಿ ಅಲ್ಲ. ಉತ್ತರದಿಂದ ಬಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಒಂದಾದ ಮೇಲೊಂದು ಬಂದು ತೀರವನ್ನು ಕತ್ತರಿಸಿ ಕಡಲು ಸೇರುತ್ತವೆ. ಗೋಕರ್ಣ ಇರೋದು ಗಂಗಾವಳಿ ಮತ್ತು ಅಘನಾಶಿನಿಯ ನಡುವಿನ ತುಂಡಿನಲ್ಲಿ. ಅದರ ದಕ್ಷಿಣದ ತುದಿಗೆ ತದಡಿ ಅನ್ನೋ ಮೀನುಗಾರಿಕೆ ಬಂದರು. ಎದುರುಗಡೆ, ನದಿಯ ಆಚೆ, ನದಿಯ ಹೆಸರನ್ನೇ ಇಟ್ಟುಕೊಂಡ ಅಘನಾಶಿನಿ ಅನ್ನೋ ಊರು. ದಡದಲ್ಲಿ ನಿಂತರೆ ಆ ಕಡೆಯ ತೆಂಗಿನಮರಗಳು ಎಣಿಸೋ ಹಾಗೆ ಕಾಣುತ್ತವೆ. ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಿ ಹೋದರೆ ಒಳಗೆ ಮಿರ್ಜಾನ್ ಕಡೆ ಬಂದು, ಹೆದ್ದಾರಿ 66ರ ಸೇತುವೆ ದಾಟಿ, ಕುಮಟಾ ಮುಟ್ಟಿ, ಮತ್ತೆ ಕಡಲ ಕಡೆ ತಿರುಗಬೇಕು. ಮೂವತ್ತು ಕಿಲೋಮೀಟರ್ ದಾಟುತ್ತೆ.

ಬುಕಿಂಗ್ ಆ್ಯಪ್‌ಗಳಿಗೆ ಇದು ಗೊತ್ತಾಗಲ್ಲ. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದು "ಬೀಚ್‌ನಿಂದ ಇಷ್ಟು ದೂರ" ಅಂತ ತೋರಿಸೋದು ನಾಲ್ಕು ಸಾಲಿನ ಕೋಡ್. ನಡುವೆ ನೀರಿದೆ ಅಂತ ಆ ಕೋಡ್‌ಗೆ ಯಾರೂ ಹೇಳಿಕೊಟ್ಟಿರಲ್ಲ. ಇದನ್ನೇ ಹೊಟ್ಟೆಪಾಡಿಗೆ ಮಾಡೋಳು ನಾನು, ಅದಕ್ಕೇ ಆ ಸಂಖ್ಯೆಯನ್ನ ನಂಬಲ್ಲ. ದೋಣಿ ರಾತ್ರಿ ಓಡಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುವಾಗ ಹಗಲಲ್ಲೂ ಖಾತ್ರಿ ಇಲ್ಲ. ಹಾಗಾಗಿ ಮೊದಲು ದಡ ನಿರ್ಧಾರ ಮಾಡಿ, ಆಮೇಲೆ ರೇಟಿಂಗ್ ನೋಡಿ.

ಈಚೆ ದಡ, ಅಂದರೆ ಗೋಕರ್ಣದ ಕಡೆ, ಆಯ್ಕೆ ಜಾಸ್ತಿ. ಊರೊಳಗೆ ದೇವಸ್ಥಾನದ ಸುತ್ತಮುತ್ತ, ರಥಬೀದಿ ಕೋಟಿತೀರ್ಥದ ಆಸುಪಾಸಿನ ಮನೆಗಳಲ್ಲಿ, ಯಾತ್ರಿಕರಿಗೆ ಅಂತ ಕೊಡುವ ಸಾದಾ ಕೋಣೆಗಳಿವೆ. ಬ್ಯಾಕ್‌ಪ್ಯಾಕರ್‌ಗಳು ಇವನ್ನ ಮೂಸಿ ಕೂಡ ನೋಡಲ್ಲ. ನನಗೆ ಅವೇ ಇಷ್ಟ. ಬಸ್ಸಿಂದ ಇಳಿದು ನಡೆದರೆ ಸಿಗುತ್ತೆ, ಬೆಳಗ್ಗೆ ಬೇಗ ತಿಂಡಿ ಸಿಗುತ್ತೆ, ಕುಡ್ಲೆ ಬೀಚಿಗೆ ಗುಡ್ಡ ಹತ್ತಿ ಇಳಿದರೆ ಸಾಕು. ಶಿವರಾತ್ರಿ ರಥೋತ್ಸವದ ಸಮಯ ಮಾತ್ರ ಈ ಆಸೆ ಬಿಟ್ಟುಬಿಡಿ.

ಕುಡ್ಲೆ, ಓಂ ಬೀಚುಗಳ ಗುಡಿಸಲುಗಳು ನೀವು ರೀಲ್ಸ್‌ನಲ್ಲಿ ನೋಡಿರೋವೇ. ಸೂರ್ಯಾಸ್ತ ಚೆನ್ನಾಗಿರತ್ತೆ, ಸುಳ್ಳು ಹೇಳಲ್ಲ. ಆದರೆ ರಾತ್ರಿ ಸಂಗೀತ ನಿಲ್ಲೋದು ಯಾವಾಗ ಅಂತ ಕೇಳಿಕೊಳ್ಳಿ. ಗುಡ್ಡದ ಮೇಲಿನ ಹಾಸ್ಟೆಲ್‌ಗಳು ಒಬ್ಬರೇ ಬರುವವರಿಗೆ ಜೊತೆ ಸಿಗೋ ಜಾಗ, ಅಷ್ಟು ಮಟ್ಟಿಗೆ ಒಳ್ಳೇದು. ರಾತ್ರಿ ರೈಲಲ್ಲಿ ಬರುವವರು ನೆನಪಿಡಿ: ಗೋಕರ್ಣ ರೋಡ್ ಸ್ಟೇಷನ್ ಊರಿಂದ ಸುಮಾರು ಹತ್ತು ಕಿಲೋಮೀಟರ್ ದೂರ. ನೀವು ಮುಟ್ಟೋದು ಬೆಳಗ್ಗೆ, ರೂಮ್ ಕೊಡೋದು ಮಧ್ಯಾಹ್ನ. ಬ್ಯಾಗ್ ಇಡೋಕೆ, ಮುಖ ತೊಳೆಯೋಕೆ ಬಿಡ್ತಾರಾ ಅಂತ ಮುಂಚೆಯೇ ಕೇಳಿದರೆ ಅರ್ಧ ದಿನ ಉಳಿಯುತ್ತೆ.

"ಸೀ ಟಚ್" ಅನ್ನೋ ಪದದ ಬಗ್ಗೆ ಒಂದು ಮಾತು. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ ಪ್ರಕಾರ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇರಲಿಲ್ಲ. 2019ರಲ್ಲಿ ಜನಸಾಂದ್ರತೆ ಹೆಚ್ಚಿರುವ ಕಡೆಗಳಿಗೆ ಅದನ್ನ 50 ಮೀಟರಿಗೆ ಇಳಿಸಿದರು, ಉಳಿದ ಕಡೆ 200 ಹಾಗೇ ಇದೆ. ಮೀನುಗಾರರ ಹಳೇ ಮನೆಗಳ ವಿಷಯ ಬೇರೆ. ಅಲೆಗೆ ತಾಗಿಕೊಂಡು ಹೊಚ್ಚಹೊಸ ಕಾಂಕ್ರೀಟ್ ಕೋಣೆ ಕಂಡರೆ ನಾನಂತೂ ಮುಂದೆ ನಡೀತೀನಿ.

ನನ್ನ ಮನಸ್ಸು ಇರೋದು ಆಚೆ ದಡದಲ್ಲಿ. ಅಘನಾಶಿನಿ, ಕಾಗಾಲ, ಬಾಡದ ಕಡೆ ದೊಡ್ಡ ಹೋಟೆಲ್ ಕಡಿಮೆ. ಮನೆಗಳೇ ಕೋಣೆ ಕೊಡುತ್ತವೆ. ಇಳಿತದ ಹೊತ್ತಿಗೆ ಅಳಿವೆಯ ಕೆಸರಲ್ಲಿ ಸೊಂಟ ಬಗ್ಗಿಸಿ ಬಳಚು ಹೆಕ್ಕುವ ಜನ, ಸ್ವಲ್ಪ ಒಳಗೆ ಹೋದರೆ ಮಾಣಿಕಟ್ಟಾದ ಗಜನಿ ಗದ್ದೆ, ಅಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ. ಈ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಓಂ ಬೀಚಿಂದ ಡೇ ಟ್ರಿಪ್ ಬಂದವರಿಗೆ ಇದು ಬರೀ ಕೆಸರು. ಇಲ್ಲೇ ರಾತ್ರಿ ಉಳಿದವರಿಗೆ ಬೆಳಗಿನ ಇಳಿತ ಸಿಗುತ್ತೆ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ. ಇವತ್ತಿನ ಲೆಕ್ಕ ಮನೆಯವರಿಗೆ ಬಾಯಲ್ಲೇ ಇರುತ್ತೆ.

ಇಲ್ಲಿ ಆ್ಯಪ್ ಬಿಟ್ಟು ಫೋನ್ ಮಾಡಬೇಕು. ಬಸ್ಸಿಳಿದು ಎಷ್ಟು ನಡೀಬೇಕು ಅಂದರೆ "ಇಲ್ಲೇ, ಹತ್ರ" ಅಂತಾರೆ. ಆ "ಇಲ್ಲೇ" ಎರಡು ಕಿಲೋಮೀಟರ್ ಕೂಡ ಆಗಬಹುದು, ಅದಕ್ಕೇ "ನಡೆದರೆ ಎಷ್ಟು ನಿಮಿಷ" ಅಂತ ಕೇಳಿ. ಕಡೇ ಬಸ್ಸು, ಕಡೇ ದೋಣಿ ಎಷ್ಟೊತ್ತಿಗೆ ಅಂತ ಕೇಳಿ. ಊಟ ಬೆಳಗ್ಗೆಯೇ ಹೇಳಬೇಕು. ಅವರು ಜನ ನೋಡಿ ಅಕ್ಕಿ ಅಳೆದು ಹಾಕುವವರು, ರಾತ್ರಿ ಒಂಬತ್ತಕ್ಕೆ ಹೋಗಿ ಮೆನು ಕೇಳಿದರೆ ಪಾಪ ಏನು ಮಾಡ್ತಾರೆ? ಮೀನು ಮಾಡ್ತಾರೋ ಇಲ್ಲವೋ ಅಂತಲೂ ನೇರವಾಗಿ ಕೇಳಬಹುದು, ಕೆಲವು ಮನೆ ಪೂರ್ತಿ ಸಸ್ಯಾಹಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಹೊಳೆ ಮೀನು, ಒಣಮೀನು ಸಿಕ್ಕಿದ್ದೇ ಭಾಗ್ಯ.

ಮಾರ್ಚ್‌ನಿಂದ ಮೇವರೆಗೆ ಹೋಗುವವರು ಸೂರು ಯಾವುದು ಅಂತ ವಿಚಾರಿಸಿ. ತಾರಸಿ ಕೋಣೆ ಹಗಲೆಲ್ಲ ಕಾದು ರಾತ್ರಿಯಿಡೀ ನಿಮ್ಮ ಮೇಲೆ ಶಾಖ ಉಗುಳುತ್ತೆ. ಫ್ಯಾನ್ ಅದೇ ಬಿಸಿಗಾಳಿಯನ್ನ ತಿರುಗಿಸುತ್ತೆ. ಹೆಂಚಿನ ಮನೆಯಲ್ಲಿ ಗಾಳಿಯಾಡುತ್ತೆ, ನಿದ್ದೆ ಬರುತ್ತೆ. ಕಡಲಿಗೆ ತೀರಾ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗೋದುಂಟು, ಕುಡಿಯೋ ನೀರು ಎಲ್ಲಿಂದ ಅಂತ ಕೇಳೋದರಲ್ಲಿ ತಪ್ಪಿಲ್ಲ. ಆ ದಿನಗಳಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತೆ, ಬ್ಯಾಗಲ್ಲಿ ಜಾಗ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳು ಕೇಳಬೇಕಾದ್ದು ಇನ್ನೂ ಎರಡಿದೆ. ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ? ಬಾತ್‌ರೂಮ್ ಕೋಣೆಗೆ ಸೇರಿಕೊಂಡಿದೆಯಾ, ಅಂಗಳ ದಾಟಬೇಕಾ? ಹೋದ ವರ್ಷ ನಾನೂ ನನ್ನ ಗೆಳತಿಯೂ ಕಡಲ ಪಕ್ಕದ ಒಂದು ಕಡೆ ಮುಂಗಡ ಕೊಟ್ಟೇ ಹೋಗಿದ್ದೆವು. ಫೋಟೋದಲ್ಲಿದ್ದ ತೂಗುಮಂಚ, ಕಿಟಕಿಯಾಚೆಯ ಅಲೆ ಎಲ್ಲ ಇತ್ತು. ಬಾಗಿಲಿಗೆ ಮಾತ್ರ ಒಳಗಡೆ ಚಿಲಕ ಇರಲಿಲ್ಲ, ಹೊರಗಡೆ ಕೊಂಡಿ ಇತ್ತು. ಕೇಳಿದರೆ "ಇಲ್ಲಿ ಏನೂ ಆಗಲ್ಲ ಮೇಡಂ, ಎಲ್ಲಾ ನಮ್ಮವರೇ" ಅಂದರು. ಎಲ್ಲಾ ಅವರವರೇ, ಸರಿ. ನಾವು? ಇನ್ನೂ ಬೆಳಕಿತ್ತು, ಮುಂಗಡ ಅಲ್ಲೇ ಬಿಟ್ಟು ಬಸ್ ಹಿಡಿದು ಕುಮಟಾಗೆ ಬಂದು ಲಾಡ್ಜಲ್ಲಿ ಮಲಗಿದೆವು. ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿಗೆ ನೋಟ ಇರಲ್ಲ, ಚಿಲಕ ಇರುತ್ತೆ. ಕುಮಟಾ ರೈಲು ನಿಲ್ದಾಣವೂ ಊರಿಗೆ ಹತ್ತಿರ, ತಡವಾಗಿ ಬರುವ ದಿನಕ್ಕೆ ಅದೇ ಸರಿ.

ಟೆಂಟ್ ಹಾಕ್ತೀವಿ ಅನ್ನುವವರಿಗೆ: ಪ್ಯಾರಡೈಸ್ ಬೀಚಿಗೆ ರಸ್ತೆ ಇಲ್ಲ, ರಾತ್ರಿ ಕಾಲು ಉಳುಕಿದರೂ ದೋಣಿಯೇ ಗತಿ, ಅದೂ ಬೆಳಗಾದ ಮೇಲೆ. ಯಾರದೋ ಅಂಗಳದಲ್ಲಿ ಕೇಳಿಕೊಂಡು ಹಾಕೋದು ಎಷ್ಟೋ ವಾಸಿ.

ಎರಡು ರಾತ್ರಿ ಇದ್ದರೆ ನನ್ನ ಲೆಕ್ಕ ಹೀಗೆ. ಮೊದಲನೇದು ಗೋಕರ್ಣ ಊರೊಳಗೆ. ಮರುದಿನ ಬೆಳಗ್ಗೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ದಾಟಿ ಬೇಲೆಕಾನಿಗೆ ಇಳಿದು, ಮಧ್ಯಾಹ್ನದೊಳಗೆ ತದಡಿ. ದೋಣಿ ಹತ್ತಿ ಆಚೆ ದಡದಲ್ಲಿ ಎರಡನೇ ರಾತ್ರಿ. ಮೂರನೇ ದಿನ ಬಾಡ, ಕಡ್ಲೆ, ವನ್ನಳ್ಳಿ ಹಾದಿಯಲ್ಲಿ ಕುಮಟಾ, ಅಲ್ಲಿಂದ ರಾತ್ರಿ ರೈಲು. ದೋಣಿಗೆ ಚಿಲ್ಲರೆ ಇಟ್ಟುಕೊಂಡಿರಿ, ನದಿ ನಡುವೆ ನೆಟ್‌ವರ್ಕ್ ಹುಡುಕುತ್ತಾ ಕ್ಯೂಆರ್ ಕೋಡ್ ಕೇಳಬೇಡಿ.