ಪಟ್ಟಿ ಖಾಲಿ ಬಂದರೆ ದಾಖಲೆ ಹೋಯಿತೆಂದಲ್ಲ

ಕಳೆದ ವರ್ಷ ಒಂದು ಸಂಘಕ್ಕೆ ಹೊಸ ಕಂಪ್ಯೂಟರ್ ಬಂತು. ಗರ್ಭ ತಪಾಸಣೆ ಆಗಬೇಕಾದ ರಾಸುಗಳ ಪಟ್ಟಿ ತೆಗೆದರೆ ಪೂರಾ ಖಾಲಿ. ಎಲ್ಲ ಅಳಿಸಿಹೋಯಿತೆಂದು ಕಾರ್ಯದರ್ಶಿಯವರು ಮನೆಮನೆಗೆ ತಿರುಗಿ ಪುಸ್ತಕದಲ್ಲಿ ಹೊಸದಾಗಿ ಬರೆಯತೊಡಗಿದರು. ಎರಡು ವಾರ ಹೋಯಿತು. ಗರ್ಭ ಕಟ್ಟದ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗೊತ್ತಾಗದೆ ಬಿಟ್ಟ ಒಂದೊಂದು ಬೆದೆಗೂ ಮೂರು ವಾರದ ಮೇವು, ಹಿಂಡಿ ದಂಡ.

ದಾಖಲೆಗಳೇನೋ ಹಳೆಯ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಪರದೆಯಲ್ಲಿ ಕಾಣುವ ತಂತ್ರಾಂಶ ಬೇರೆ. ಕಿವಿಯೋಲೆ ಸಂಖ್ಯೆ, ಗರ್ಭಧಾರಣೆಯ ದಿನಾಂಕಗಳು ಕೋಷ್ಟಕಗಳಾಗಿರುವ ಡೇಟಾಬೇಸ್ ಬೇರೆ. ನಡುವೆ ದುಭಾಷಿಯಾಗಿ ನಿಲ್ಲುವುದು ಡ್ರೈವರ್. ಪ್ರತಿ ಡೇಟಾಬೇಸಿಗೂ ಅದರದೇ ಡ್ರೈವರ್. ಕೇಳುವ ರೀತಿ ಮಾತ್ರ ಒಂದೇ ಇರಲೆಂದು 1992ರಲ್ಲಿ ಮೈಕ್ರೋಸಾಫ್ಟ್ ತಂದ ಪದ್ಧತಿಯೇ ಓಡಿಬಿಸಿ. ಡೇಟಾಬೇಸ್ ಎಲ್ಲಿದೆ, ಯಾವ ಡ್ರೈವರ್ ಎಂಬ ವಿವರ ಬರೆದಿಡುವುದಕ್ಕೆ ಡಿಎಸ್‌ಎನ್ ಎನ್ನುತ್ತಾರೆ.

ಇಲ್ಲಿ ತಂತ್ರಾಂಶ ಹಳೆಯ 32 ಬಿಟ್‌ನದು, ಹಾಕಿದ್ದ ಡ್ರೈವರ್ 64 ಬಿಟ್‌ನದು. ಯಂತ್ರ ಯಾವುದಾದರೂ ಇರಲಿ, ಡ್ರೈವರ್ ತಂತ್ರಾಂಶಕ್ಕೆ ಹೊಂದಬೇಕು. ಹೊಂದದಿದ್ದಾಗ ತಪ್ಪನ್ನು ಹೇಳದೆ ಖಾಲಿ ಪಟ್ಟಿ ತೋರಿಸುವಂತೆ ಬರೆದವರಿಗೆ ಏನೆನ್ನೋಣ! ವಿಂಡೋಸಿನಲ್ಲಿ ಎರಡಕ್ಕೂ ಪ್ರತ್ಯೇಕ ಓಡಿಬಿಸಿ ಸಾಧನಗಳಿವೆ. ವಿಚಿತ್ರವೆಂದರೆ ಸಿಸ್ಟಂ32 ಎಂಬ ಫೋಲ್ಡರಿನಲ್ಲಿರುವುದು 64 ಬಿಟ್‌ನದು, 32ರದು ಸಿಸ್‌ವಾವ್64ರಲ್ಲಿ. ಹೆಸರು ನೋಡಿ ನಾನೂ ಮೋಸಹೋದೆ.

ಸರಿಯಾದ ಡ್ರೈವರ್ ಹಾಕಿ ಡಿಎಸ್‌ಎನ್ ಬರೆದ ಮೇಲೆ ಪಟ್ಟಿ ಬಂತು. ತಪಾಸಣೆಯ ದಿನ ದಾಟಿದ್ದ ರಾಸುಗಳನ್ನು ಮರುದಿನ ಬೆಳಿಗ್ಗೆಯೇ ಸಂಘದ ಮುಂದೆ ಕಟ್ಟಿಸಿದೆವು.