ಅಲಾಸ್ಕಾದ ಎಂಜಿನ್ನು, ಗುಂತಕಲ್ಲಿನ ಬಣ್ಣ

ಆದವಾನಿ ಸ್ಟೇಷನ್ನಿನಲ್ಲಿ ನಿಂತವರ ಮುಂದೆ ಹಾದುಹೋಗುವುದೆಲ್ಲ ದೊಡ್ಡ ಹಳಿಯ ಗಾಡಿಗಳೇ. ಮದರಾಸಿನಿಂದ ಬಂದ ಮದರಾಸ್ ರೈಲ್ವೆಯೂ ಮುಂಬೈಯಿಂದ ಬಂದ ಜಿಐಪಿ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಅಂದಿನಿಂದ ಗುಂತಕಲ್ಲು, ಆಸ್ಪರಿ, ಆದವಾನಿ, ಕೋಸಿಗಿ, ಮಂತ್ರಾಲಯ ರೋಡ್ ದಾಟಿ ತುಂಗಭದ್ರೆಯಾಚೆಗೆ ಹೋಗುವ ಈ ದಾರಿ ಎರಡು ಮಹಾನಗರಗಳ ನಡುವಿನ ಹೆದ್ದಾರಿ. ಎರಡು ಹಳಿಗಳ ನಡುವೆ 1676 ಮಿಲಿಮೀಟರ್. ಉಗಿ ಹೋಯಿತು, ಡೀಸೆಲ್ ಬಂತು, ಈಗ ತಲೆಯ ಮೇಲೆ ಕರೆಂಟಿನ ತಂತಿ. ಹಳಿಯ ಅಗಲ ಮಾತ್ರ ಬದಲಾಗಿಲ್ಲ.

ಇದೇ ಊರಿನ ಹಿತ್ತಲಲ್ಲಿ, ಬೇವಿನ ಮರದ ಬುಡ ಸುತ್ತಿಕೊಂಡು ಓಡುವ ಮಾದರಿ ರೈಲು ಹಾಕಬೇಕೆಂದು ಯಾರಾದರೂ ಹೊರಟರೆ ಮೊದಲ ತಕರಾರು ಏಳುವುದೇ ಈ ಅಗಲದಿಂದ. ಗಾರ್ಡನ್ ರೈಲ್ವೆ ಎಂಬ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವುದು 45 ಮಿಲಿಮೀಟರ್ ಹಳಿ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ಈ ಹಳಿಯ ಮೇಲೆ ಗಾಡಿ ಬಿಟ್ಟಿತು. ಮಳೆ ಬಿಸಿಲಿಗೆ ಹೊರಗೇ ಬಿದ್ದಿರಬಹುದಾದ ಆಟದ ರೈಲು ಎಂದು ಅದು ಹೆಸರಾಯಿತು. ಅವರು ಹಿಡಿದ ಅಳತೆ 22.5ಕ್ಕೆ 1. ಅಂದರೆ ನಿಜವಾದ ಗಾಡಿಯ ಇಪ್ಪತ್ತೆರಡೂವರೆ ಮೀಟರ್ ಇಲ್ಲಿ ಒಂದು ಮೀಟರ್.

ಈಗ ಭಾಗಾಕಾರ ಮಾಡಿ ನೋಡಬೇಕು. ಮೀಟರ್ ಗೇಜ್ ಹಳಿಯ ಅಗಲವಾದ ಒಂದು ಮೀಟರನ್ನು 22.5ರಿಂದ ಭಾಗಿಸಿದರೆ 44.4 ಮಿಲಿಮೀಟರ್. ಹಿತ್ತಲ ಹಳಿಗಿಂತ ಅರ್ಧ ಮಿಲಿಮೀಟರಿನಷ್ಟೇ ಕಡಿಮೆ! ಜರ್ಮನಿಯವರು ತಮ್ಮ ಮಲೆನಾಡಿನ ಸಣ್ಣ ರೈಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಹಳಿ ನಮ್ಮ ಮೀಟರ್ ಗೇಜಿಗೆ ಅಳೆದು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಆದವಾನಿಯ ದೊಡ್ಡ ಗಾಡಿಗೆ ಅದೇ ಹಳಿ ಬಳಸಬೇಕಾದರೆ ಅಳತೆಯನ್ನು 37ಕ್ಕೆ 1 ಎಂದು ಇಳಿಸಬೇಕು. ಆ ಅಳತೆಗೆ ಅಂಗಡಿಯಲ್ಲಿ ಸಿಗುವ ಮನುಷ್ಯರ ಗೊಂಬೆ, ಸಿಗ್ನಲ್ ಕಂಬ, ಬೆಂಚು ಯಾವುದೂ ಹೊಂದುವುದಿಲ್ಲ. ಸ್ಟೇಷನ್ ಮಾಸ್ತರು ಡಬ್ಬಿಯ ಬಾಗಿಲಿಗಿಂತ ಎತ್ತರ ನಿಂತುಬಿಡುತ್ತಾನೆ.

ಹಾಗಾಗಿ ಆದವಾನಿಯ ಹಿತ್ತಲಿಗೆ ನಿಜವಾಗಿ ಒಪ್ಪುವುದು ಗುಂತಕಲ್ಲಿನ ಗಾಡಿ. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಯತ್ತ ಗುಂತಕಲ್ಲಿನಿಂದ ಹೊರಡುತ್ತಿದ್ದ ಮೀಟರ್ ಗೇಜ್ ಗಾಡಿಯನ್ನು ಈ ಭಾಗದ ಹಿರಿಯರು ಇನ್ನೂ ಮರೆತಿಲ್ಲ. 1953ರವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಕೋರ್ಟು ಕಚೇರಿ ಎಂದು ಬಳ್ಳಾರಿಗೆ ಹೋಗುವವರು ಗುಂತಕಲ್ಲಿನಲ್ಲಿ ದೊಡ್ಡ ಗಾಡಿ ಇಳಿದು ಸಣ್ಣ ಗಾಡಿ ಹತ್ತಬೇಕಿತ್ತು. 1992ರಲ್ಲಿ ಶುರುವಾದ ಏಕ ಗೇಜ್ ಯೋಜನೆಯ ಕಾಲದಲ್ಲಿ ಆ ಸಣ್ಣ ಹಳಿಯನ್ನು ಕಿತ್ತು ದೊಡ್ಡದು ಹಾಕಿದರು. ದಿನಾ ಕಣ್ಣೆದುರು ಓಡುವ ಗಾಡಿ ಹಿತ್ತಲಿಗೆ ಹೊಂದುವುದಿಲ್ಲ, ಇಲ್ಲವಾದ ಗಾಡಿ ಸರಿಯಾಗಿ ಹೊಂದುತ್ತದೆ.

ಆ ಹಳಿಯ ಮೇಲೆ ಕೊನೆಯ ದಶಕಗಳಲ್ಲಿ ದುಡಿದದ್ದು ವೈಡಿಎಂ-4 ಡೀಸೆಲ್ ಎಂಜಿನ್. ಅಮೆರಿಕದ ಆಲ್ಕೋ ಕಂಪನಿಯ ಡಿಎಲ್-535 ವಿನ್ಯಾಸ ಅದು. ಮೊದಲು ಹೊರಗಿನಿಂದ ಬಂತು, ಆಮೇಲೆ ವಾರಾಣಸಿಯಲ್ಲಿ ತಯಾರಾಯಿತು. ತೂಕ 72 ಟನ್, ಉದ್ದ ಸುಮಾರು ಹದಿನೈದೂವರೆ ಮೀಟರ್. ಅದೇ ಮನೆತನದ ಇನ್ನೊಂದು ಕುಡಿ ಅಲಾಸ್ಕಾದ ಹಿಮದಲ್ಲಿ ಬೆಳೆಯಿತು. ಚಿನ್ನದ ಹುಚ್ಚಿನ ಕಾಲದಲ್ಲಿ ಸ್ಕ್ಯಾಗ್ವೇ ಬಂದರಿನಿಂದ ಬೆಟ್ಟ ಹತ್ತಿಸಿ ಹಾಕಿದ ವೈಟ್ ಪಾಸ್ ರೈಲ್ವೆ 1969ರಲ್ಲಿ ಡಿಎಲ್-535ಇ ಎಂಜಿನ್‌ಗಳನ್ನು ತರಿಸಿಕೊಂಡಿತು. ಗುಂತಕಲ್ಲಿನದಕ್ಕೆ ಮಾದರಿ ತಯಾರಕರು ಯಾರೂ ತಲೆಕೆಡಿಸಿಕೊಂಡಂತಿಲ್ಲ. ಅಲಾಸ್ಕಾದ ಎಂಜಿನ್ನನ್ನು ಮಾತ್ರ ಎಲ್‌ಜಿಬಿ 45 ಮಿಲಿಮೀಟರ್ ಹಳಿಗೆ ಮಾಡಿ ಮಾರಿತು. ದಾಯಾದಿಯನ್ನು ತಂದು ಬಟ್ಟೆ ಬದಲಿಸಿದರೆ ನಮ್ಮವನಾಗಬಹುದಲ್ಲ ಎಂಬ ಆಸೆ ಹುಟ್ಟುವುದು ಇಲ್ಲಿ.

ಕೈಬದಲಾದ ಎಂಜಿನ್ ಸಿಕ್ಕಿತೆನ್ನಿ, ಬಣ್ಣದ ಡಬ್ಬಿ ತೆರೆಯುವ ಮೊದಲು ಅದನ್ನು ಅಂಗಾತ ಮಲಗಿಸಬೇಕು. ದಪ್ಪ ಟವೆಲ್ ಹಾಸಿ ಮಗುವನ್ನು ಮಲಗಿಸಿದಂತೆ. ಒಂದೇ ಅಚ್ಚಿನ ಎರಡು ಚಕ್ರಗಳ ಬೆನ್ನುಗಳ ನಡುವೆ ವರ್ನಿಯರ್ ಇಟ್ಟರೆ ಸುಮಾರು 40 ಮಿಲಿಮೀಟರ್ ತೋರಬೇಕು. ಒಂದು ಜೋಡಿ 40, ಇನ್ನೊಂದು 38 ತೋರಿದರೆ ಆ ಎಂಜಿನ್ ನೇರ ಹಳಿಯಲ್ಲಿ ಸಾಧುವಿನಂತೆ ಹೋಗಿ ಕವಲಿನಲ್ಲಿ ಜಿಗಿಯುತ್ತದೆ. ಬೋಗಿಯನ್ನು ಬೆರಳಿಂದ ಅಲ್ಲಾಡಿಸಿ ಸಡಿಲ ನೋಡಬೇಕು. (ನಮ್ಮ ಮಾತಿನಲ್ಲಿ ಬೋಗಿ ಎಂದರೆ ಜನ ಕೂರುವ ಡಬ್ಬಿ. ಕಾರ್ಖಾನೆಯವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟು. ಇಲ್ಲಿ ಹೇಳುತ್ತಿರುವುದು ಎರಡನೆಯದು.) ಪ್ಲಾಸ್ಟಿಕ್ ಹಲ್ಲುಚಕ್ರ ಅಚ್ಚು ಹಿಡಿದಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಸುತ್ತಿಗೊಮ್ಮೆ ಟಕ್ ಎಂದು ಸದ್ದು ಬರುತ್ತದೆ. ಆ ಸದ್ದಿಗೆ ಎಣ್ಣೆ ಮದ್ದಲ್ಲ, ಚಕ್ರ ಬದಲಿಸುವುದೇ ಸರಿ.

ಆಮೇಲೆ ಎಳೆಯುವ ಬಲ. ಇದಕ್ಕೆ ಅಡುಗೆಮನೆಯ ಸ್ಪ್ರಿಂಗ್ ತಕ್ಕಡಿ ಸಾಕು. ಎಂಜಿನ್ನಿನ ಕೊಕ್ಕೆಗೆ ತಕ್ಕಡಿ ಸಿಕ್ಕಿಸಿ ಚಕ್ರ ಜಾರುವವರೆಗೆ ಕರೆಂಟು ಕೊಡಬೇಕು. ಎಲ್ಲ ಚಕ್ರಕ್ಕೂ ಮೋಟಾರಿನ ಬಲ ಹೋಗುತ್ತಿದ್ದರೆ ಎಂಜಿನ್ ತೂಕದ ಐದನೇ ಒಂದು ಭಾಗ ಎಳೆಯುವುದನ್ನು ನಿರೀಕ್ಷಿಸಬಹುದು. ಮೂರು ಕಿಲೋ ಎಂಜಿನ್ ಆರುನೂರು ಗ್ರಾಂ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಒಂದೂವರೆ ಕಿಲೋದ ಆರು ಡಬ್ಬಿ ಸಮತಟ್ಟಾದ ಹಳಿಯಲ್ಲಿ ಇನ್ನೂರು ಇನ್ನೂರೈವತ್ತು ಗ್ರಾಂ ಬಲ ಕೇಳುತ್ತವೆ. ನಲವತ್ತಕ್ಕೆ ಒಂದರ ಏರು ಬಂದರೆ ಹನ್ನೆರಡು ಕಿಲೋದ ಇಡೀ ಗಾಡಿಗೆ ಮತ್ತೆ ಮುನ್ನೂರು ಗ್ರಾಂ. ಅಲ್ಲಿಗೆ ಲೆಕ್ಕ ಅಂಚಿಗೆ ಬಂತು, ಹಳಿಯ ಮೇಲೆ ಒಂದಿಷ್ಟು ಎಣ್ಣೆ ಜಿಡ್ಡಿದ್ದರೆ ಗಾಡಿ ನಿಂತಿತು. ಬೋಗಿಗಳ ಮೇಲೆ ಸರಿಯಾಗಿ ಸೀಸದ ತುಂಡು ಇಟ್ಟು ತೂಕ ಏರಿಸುವುದು ಹಳೆಯ ಉಪಾಯ. ನಿಜವಾದ ವೈಡಿಎಂ-4ರ 72 ಟನ್ನನ್ನು ಈ ಅಳತೆಗೆ ಇಳಿಸಿದರೆ ಆರು ಕಿಲೋ ಚಿಲ್ಲರೆ ಬರುತ್ತದೆ. ಅಷ್ಟೊಂದು ಹೇರಿದರೆ ಮೋಟಾರು ಬೇಯುತ್ತದೆ. ಬಿಗಿಹಿಡಿದಾಗ ಅದು ಎಷ್ಟು ಆಂಪಿಯರ್ ಎಳೆಯುತ್ತದೆಂದು ಮೀಟರಿನಲ್ಲಿ ನೋಡಿಕೊಂಡೇ ತೂಕ ಹಾಕುವುದು ಜಾಣತನ.

ಜರ್ಮನಿಯ ಪುಸ್ತಕದಲ್ಲಿ ಇಲ್ಲದ ಪರೀಕ್ಷೆಗಳನ್ನು ಆದವಾನಿಯ ಹವೆ ತಾನೇ ಒಡ್ಡುತ್ತದೆ. ಎರೆ ಭೂಮಿಯ ಧೂಳು ಹಿಟ್ಟಿನಂತೆ ನಯ, ಹಿತ್ತಾಳೆ ಹಳಿಯ ಮೇಲೆ ಕೂತರೆ ಚಕ್ರಕ್ಕೆ ಕರೆಂಟು ಮುಟ್ಟುವುದಿಲ್ಲ. ಜಿನ್ನಿಂಗ್ ಮಿಲ್ಲುಗಳ ಊರು ಬೇರೆ. ಹತ್ತಿಯ ಎಳೆ ಅಚ್ಚಿಗೆ ಸುತ್ತಿಕೊಂಡು ಎಣ್ಣೆ ಹೀರಿ ಬತ್ತಿಯಾಗುತ್ತದೆ. ಹತ್ತು ಮೀಟರ್ ಹಿತ್ತಾಳೆ ಹಳಿ ಚಳಿಗಾಲದ ಬೆಳಗಿನ 20 ಡಿಗ್ರಿಯಿಂದ ಬೇಸಿಗೆಯ ಬಿಸಿಲಲ್ಲಿ 60 ಡಿಗ್ರಿಗೆ ಕಾದರೆ ಏಳೂವರೆ ಮಿಲಿಮೀಟರ್ ಬೆಳೆಯುತ್ತದೆ. ಕೀಲುಗಳಲ್ಲಿ ಸಂದು ಬಿಡದೆ ಬೆಸುಗೆ ಹಾಕಿದವರ ಹಳಿ ಮಧ್ಯಾಹ್ನಕ್ಕೆ ಹಾವಿನಂತೆ ಡೊಂಕಾಗಿರುತ್ತದೆ. ದೊಡ್ಡ ರೈಲಿನವರು ಫಿಶ್‌ಪ್ಲೇಟಿನಲ್ಲಿ ಸಂದು ಬಿಡುತ್ತಿದ್ದದ್ದೂ ಇದಕ್ಕೇ.

ಧೂಳಿನ ಕಾಟಕ್ಕೆ ಒಂದು ದಾರಿ ಎಂದರೆ ಹಳಿಯ ಕರೆಂಟನ್ನೇ ಬಿಟ್ಟು ಎಂಜಿನ್ನಿನೊಳಗೆ ಬ್ಯಾಟರಿ ಇಡುವುದು, ಕೈಯಲ್ಲಿ ರೇಡಿಯೋ ನಿಯಂತ್ರಣ ಹಿಡಿಯುವುದು. ನಾಲ್ಕು ಲಿಥಿಯಂ ಸೆಲ್ಲು ಸೇರಿದರೆ 14.8 ವೋಲ್ಟ್. 24 ವೋಲ್ಟಿಗೆ ಮಾಡಿದ ಮೋಟಾರು ಇದರಲ್ಲಿ ನಿಧಾನ ಓಡುತ್ತದೆ, ಅದೇ ಒಳ್ಳೆಯದು. ಗಂಟೆಗೆ 45 ಕಿಲೋಮೀಟರ್ ಹೋಗುವ ಪ್ಯಾಸೆಂಜರ್ ಗಾಡಿ ಹಿತ್ತಲಲ್ಲಿ ಗಂಟೆಗೆ ಎರಡೇ ಕಿಲೋಮೀಟರ್ ಹೋಗಬೇಕು, ಅಂಬೆಗಾಲಿಡುವ ಮಗುವಿನ ವೇಗ. ಆದರೆ ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ನೆರಳಲ್ಲೇ ನಲವತ್ತು ದಾಟುವ ಊರಲ್ಲಿ, ಬಿಸಿಲಿಗಿಟ್ಟ ಕಪ್ಪು ಪ್ಲಾಸ್ಟಿಕ್ ಮೈಯೊಳಗೆ ಎಷ್ಟಿರಬಹುದು? ಸೆಲ್ಲು ಹೊರತೆಗೆದು ಮನೆಯೊಳಗೆ ಚಾರ್ಜ್ ಮಾಡಲು ಬರುವಂತೆ ಮುಚ್ಚಳ ಕತ್ತರಿಸಿಕೊಳ್ಳುವುದು ಇಲ್ಲಿ ಮೊದಲ ಮಾರ್ಪಾಡು. ಚಂದದ ಕೆಲಸವೆಲ್ಲ ಆಮೇಲಿನದು.

ಚಂದದ ಕೆಲಸದಲ್ಲಿ ಎದ್ದು ಕಾಣುವುದು ಮೂಗು. ಅಲಾಸ್ಕಾದ ಎಂಜಿನ್ನಿನ ಗಿಡ್ಡ ಮೂತಿ ತಗ್ಗಾಗಿದೆ, ಡ್ರೈವರಿಗೆ ಮುಂದಿನ ದಾರಿ ಕಾಣಲೆಂದು. ನಮ್ಮ ವೈಡಿಎಂ-4ರ ಮೂತಿ ಚಾವಣಿಯವರೆಗೂ ಎದ್ದು ನಿಂತ ಪೆಟ್ಟಿಗೆ. ಎರಡು ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅದನ್ನು ಕಟ್ಟಬಹುದು. ಕೊಂಡಿಯ ವಿಷಯ ಇನ್ನೂ ಸೂಕ್ಷ್ಮ. ಅಲಾಸ್ಕಾದಲ್ಲಿ ಮುಷ್ಟಿ ಮಡಿಸಿದಂಥ ಅಮೆರಿಕನ್ ಕೊಂಡಿ. ನಮ್ಮ ಮೀಟರ್ ಗೇಜಿನಲ್ಲಿ ನಡುವೆ ಒಂದೇ ಬಫರು, ಅದರ ಜೊತೆಗೇ ಕೊಕ್ಕೆ. ಆದವಾನಿಯ ಗಾಡಿ ನೋಡಿ ಎರಡು ಪಕ್ಕಕ್ಕೂ ಬಫರು ಅಂಟಿಸಿದರೆ ಎಡವಟ್ಟು, ಅದು ದೊಡ್ಡ ಹಳಿಯ ಲಕ್ಷಣ. ಅನುಮಾನವಿದ್ದವರು 1979ರಲ್ಲಿ ತೆರೆದ ಮೈಸೂರು ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಮೀಟರ್ ಗೇಜ್ ಎಂಜಿನ್‌ಗಳ ಎದುರು ಕುಕ್ಕರುಗಾಲಲ್ಲಿ ಕೂತು ನೋಡಿ ಬರಬಹುದು.

ತಿರುವಿನ ಲೆಕ್ಕ ಬಿಟ್ಟರೆ ಇದೆಲ್ಲ ವ್ಯರ್ಥ. ಎಲ್‌ಜಿಬಿಯ ಅತಿ ಬಿಗಿ ತಿರುವಿನ ತ್ರಿಜ್ಯ 60 ಸೆಂಟಿಮೀಟರ್. ಅಳತೆಗೆ ಸರಿಯಾಗಿ 69 ಸೆಂಟಿಮೀಟರ್ ಉದ್ದ ಮಾಡಿಕೊಂಡ ಎಂಜಿನ್ನಿನ ಬೋಗಿಗಳ ನಡುವೆ 36 ಸೆಂಟಿಮೀಟರ್ ಅಂತರವಿದ್ದರೆ, ಆ ತಿರುವಿನಲ್ಲಿ ಅದರ ಹೊಟ್ಟೆ ಒಳಗಡೆಗೆ ಎರಡೂಮುಕ್ಕಾಲು ಸೆಂಟಿಮೀಟರ್ ಸರಿಯುತ್ತದೆ. ಪಕ್ಕದಲ್ಲಿಟ್ಟ ಸಿಗ್ನಲ್ ಕಂಬ ಉರುಳಿತೆಂದೇ ಲೆಕ್ಕ. ತ್ರಿಜ್ಯ ಎರಡರಷ್ಟಾದರೆ ಸರಿಯುವುದು ಅರ್ಧವಾಗುತ್ತದೆ. ಜಾಗವಿದ್ದವರು ಬೇವಿನ ಮರದಿಂದ ಇನ್ನಷ್ಟು ದೂರ ಸುತ್ತಿ ಬರಲಿ.

ಬಣ್ಣ ಬಳಿದು ನಂಬರು ಬರೆದ ಮೇಲೆ ಉಳಿಯುವುದು ಸದ್ದು. ಎಲ್‌ಜಿಬಿಯ ಕೆಲವು ಡಿಎಲ್-535ಇ ಮಾದರಿಗಳು ಸದ್ದಿನ ಸರ್ಕ್ಯೂಟು ಸಮೇತ ಬಂದಿದ್ದವು. ಅದನ್ನು ಕಿತ್ತೆಸೆಯಬೇಕಾಗಿಲ್ಲ. ಅಲಾಸ್ಕಾದ ಎಂಜಿನ್ನಿನಲ್ಲಿರುವುದೂ ವೈಡಿಎಂ-4ರಲ್ಲಿದ್ದದ್ದೂ ಆಲ್ಕೋದ ಅದೇ 251 ಸರಣಿಯ ಆರು ಸಿಲಿಂಡರಿನ ಡೀಸೆಲ್. ನಿಂತಲ್ಲೇ ಗುಡುಗುಡು ಎನ್ನುತ್ತ, ಹೊರಡುವಾಗ ಕರಿ ಹೊಗೆಯುಗುಳಿ ಎದೆ ನಡುಗಿಸುವ ಅದೇ ದನಿ. ಹಾರ್ನ್ ಮಾತ್ರ ಬದಲಿಸಬೇಕು. ಅಮೆರಿಕದ್ದು ಹಲವು ಸ್ವರಗಳನ್ನು ಒಟ್ಟಿಗೆ ಊದುತ್ತದೆ, ಗುಂತಕಲ್ಲಿನ ಯಾರ್ಡಿನಲ್ಲಿ ಹಾಗೆ ಯಾರೂ ಊದುತ್ತಿರಲಿಲ್ಲ.